ಕೊಳವೆಯೊಳಗಿನ ಸದ್ದು

ಬಾಯಿ ಬಿಡದೆ ಬರೀ ತಲೆಯಾಡಿಸಿದರೂ ಅದು ಸುಳ್ಳು ಹೇಳಿದಂತೆಯೇ ಆಗುತ್ತದೆಯೇ? ಇಲಕ್ಕಿಯಾಳಿಗೆ ತಿಳಿಯಲಿಲ್ಲ. ಕಾರು ಸೂಲೂರು ಬಿಟ್ಟು ಇನ್ನೂ ಸ್ವಲ್ಪ ದೂರ ಬಂದಿತ್ತಷ್ಟೆ, ಅವಳ ಕಾಲ ಬಳಿ ನಿಲ್ಲಿಸಿದ್ದ ಬಿಳಿ ಕೊಳವೆಯೊಳಗಿನ ಗುಳುಗುಳು ಸದ್ದು ನಿಂತುಹೋಯಿತು. ಸರಿಯಾಗಿ ಆಗಲೇ ಅಪ್ಪ ಅವಳತ್ತ ತಿರುಗಿ, "ಗ್ಯಾಸ್ ಬತ್ತಾ ಐತಾ ಅಮ್ಮಣಿ?" ಎಂದು ಕೂಗಿ ಕೇಳಿದ್ದ. ಮತ್ತೆ ಶುರುವಾಗಬಹುದು ಎಂದುಕೊಂಡು ಅವಳು ತಲೆಯಾಡಿಸಿದ್ದಳು. ತಿರುಪ್ಪೂರಿನ ಬನಿಯನ್ ಕಂಪನಿಗಳ ಕಾಂಪೌಂಡುಗಳು ಕಾಣತೊಡಗಿದಾಗ ಅವನು ಮತ್ತೆ ಕೇಳಿದ. ಸದ್ದು ಶುರುವಾಗಿರಲಿಲ್ಲ. ಆದರೆ ಮೊದಲು ಹೌದು ಎಂದಿದ್ದಾಗಿತ್ತು, ಈಗ ಇಲ್ಲ ಎನ್ನುವುದು ಹೇಗೆ? ಮತ್ತೆ ತಲೆಯಾಡಿಸಿದಳು.

ಅಪ್ಪ ರಾಮಸಾಮಿಯ ಕಿವಿಗಳನ್ನು ಮಗ್ಗದ ಶೆಡ್ಡು ತಿಂದುಹಾಕಿತ್ತು. ಹದಿನೈದನೆಯ ವಯಸ್ಸಿನಿಂದ ಪವರ್‌ಲೂಮ್‌ಗಳ ನಡುವೆ ನಿಂತವನು. ಆ ಮನೆಯಲ್ಲಿ ಎಲ್ಲರೂ ಕೂಗಿಯೇ ಮಾತಾಡುತ್ತಿದ್ದರು, ಇಲಕ್ಕಿಯಾ ಒಬ್ಬಳನ್ನು ಬಿಟ್ಟು. ಅವಳಿಗೆ ಕೂಗುವುದೆಂದರೆ ನಡುಬೀದಿಯಲ್ಲಿ ನಿಂತು ಕುಣಿದಂತೆ. ಡೈರಿಯಲ್ಲಿ ಮಾತ್ರ ಬೇಕಾದಷ್ಟು ಮಾತಾಡುತ್ತಿದ್ದಳು. ಕನ್ನಡ ಅಕ್ಷರ ಬಾರದ್ದರಿಂದ ಮನೆಯ ಕನ್ನಡವನ್ನೇ ತಮಿಳು ಅಕ್ಷರಗಳಲ್ಲಿ ಬರೆಯುತ್ತಿದ್ದಳು.

ಮಗ್ಗಗಳು ಗುಜರಿಗೆ ಹೋದ ಮೇಲೆ ರಾಮಸಾಮಿ ಫೋನಿನಲ್ಲಿ ವಿಡಿಯೋ ನೋಡುತ್ತ ಕೂರತೊಡಗಿದ್ದ. ಬ್ಯಾಟರಿಯ ಕರೆಂಟಿನಿಂದ ನೀರನ್ನು ಒಡೆದು ಹೈಡ್ರೋಜನ್ ಮಾಡಿ ಇಂಜಿನ್ನಿಗೆ ಬಿಟ್ಟರೆ ಪೆಟ್ರೋಲ್ ಉಳಿಯುತ್ತದೆ, ಹಳೆಯ ಗಾಡಿಗಳಿಗಂತೂ ಅಮೃತ ಎಂದು ಅದರಲ್ಲಿ ಯಾರೋ ಹೇಳುತ್ತಿದ್ದ. ರಾಮಸಾಮಿ ಹಳೆಯ ವೆಟ್ ಗ್ರೈಂಡರಿನ ಸ್ಟೀಲ್ ಡ್ರಮ್ಮು ಕತ್ತರಿಸಿ ತಗಡು ಮಾಡಿಕೊಂಡ. ತಿರುಪ್ಪೂರಿನ ಬಟ್ಟೆ ಬಣ್ಣದ ಡೈಯಿಂಗ್‌ನಲ್ಲಿದ್ದ ನೆಂಟರೊಬ್ಬರಿಂದ ನೀರಿಗೆ ಬೆರೆಸಲು ಕಾಸ್ಟಿಕ್ ಸೋಡಾ ತಂದ. ಹುಟ್ಟಿದ ಗ್ಯಾಸು ಇಂಜಿನ್ನಿಗೆ ಹೋಗುವ ಮುಂಚೆ ಅದೇ ಕಾಸ್ಟಿಕ್ ನೀರು ತುಂಬಿದ ಡಬ್ಬವೊಂದನ್ನು ಗುಳುಗುಳು ಎನ್ನುತ್ತ ಹಾದು ಬರಬೇಕು. ಮೊದಲ ಸಲ ಆ ಡಬ್ಬ ಅಡುಗೆಮನೆಯ ಪ್ಲಾಸ್ಟಿಕ್ ಜಾರ್ ಆಗಿತ್ತು. ಆಷಾಢದ ಆಡಿ ತಿಂಗಳ ಒಂದು ಬೆಳಿಗ್ಗೆ ಇಂಜಿನ್ನಿಂದ ಬೆಂಕಿ ಹಿಂದಕ್ಕೆ ನುಗ್ಗಿ ಜಾರ್ ಸಿಡಿಯಿತು. ಕಾಪಿ ಲೋಟ ಹಿಡಿದು ಪಕ್ಕದಲ್ಲಿ ನಿಂತಿದ್ದ ಅವನ ಹೆಂಡತಿ ಮುತ್ತಮ್ಮಾಳ್‌ಳ ಎಡಗಣ್ಣಿಗೆ ಕಾಸ್ಟಿಕ್ ನೀರು ಹೊಡೆಯಿತು. ಈಗ ಆ ಕಣ್ಣು ಬೇಯಿಸಿದ ಮೊಟ್ಟೆಯ ಬಿಳಿಯಂತಿದೆ.

"ಜಾರು ಸರಿ ಇರ್‍ಲಿಲ್ಲೆ. ಗ್ಯಾಸ್ ಏನ್ ಮಾಡ್ತು?" ಎಂದಿದ್ದ ರಾಮಸಾಮಿ. ಆಸ್ಪತ್ರೆಯಿಂದ ಬಂದ ಮೂರನೆಯ ದಿನವೇ ಜಾರಿನ ಬದಲಿಗೆ ಬೋರ್‌ವೆಲ್ಲಿನ ದಪ್ಪ ಪಿವಿಸಿ ಕೊಳವೆ ಕೊಯ್ಯುತ್ತ ಕೂತಿದ್ದ. ನೆಂಟರು ಬಂದು ಬೈದರೆ ಮುತ್ತಮ್ಮಾಳ್ ತಾನೇ ಅಡ್ಡ ನಿಲ್ಲುತ್ತಿದ್ದಳು. "ಅವ್ರ್‌ನ ಏನೂ ಅನ್‌ಬೇಡಿ. ಇದು ಗೆದ್ರೆ ನನ್ ಕಣ್ಣಿಗೂ ಒಂದು ಬೆಲೆ ಬತ್ತದೆ." ಆ ಮಾತಾದ ಮೇಲೆ ಅವನು ಹಗಲೂ ಇರುಳೂ ಶೆಡ್ಡು ಬಿಟ್ಟು ಏಳಲಿಲ್ಲ.

ಬ್ಯಾಟರಿಯಿಂದ ತೆಗೆದದ್ದನ್ನು ಇಂಜಿನ್ನೇ ಮತ್ತೆ ತುಂಬಿಕೊಡಬೇಕು, ಹಾಗಾಗಿ ಇದರಲ್ಲಿ ಲಾಭವೆಂಬುದು ಹುಟ್ಟಲು ಸಾಧ್ಯವಿಲ್ಲ. ಕೆಮಿಸ್ಟ್ರಿ ಓದಿದ ಇಲಕ್ಕಿಯಾಳಿಗೆ ಇದು ಗೊತ್ತಿತ್ತು. ಅಪ್ಪನ ಪರೀಕ್ಷೆಯೂ ಗೊತ್ತಿತ್ತು. ಟ್ಯಾಂಕಿನ ಕುತ್ತಿಗೆಯವರೆಗೆ ಪೆಟ್ರೋಲ್ ತುಂಬಿಸಿ ತಿರುಪ್ಪೂರಿಗೆ ಹೋಗಿ ಬರುವುದು, ಅದೇ ಬಂಕಿನಲ್ಲಿ ಮತ್ತೆ ತುಂಬಿಸಿ, ಎಷ್ಟು ಹಿಡಿಯಿತೆಂದು ನೋಡುವುದು. ಗ್ಯಾಸ್ ಇಲ್ಲದ ದಿನ ಅವನು ಹಾರ್ನ್ ಒತ್ತುತ್ತ ಕಂಪನಿ ಬಸ್ಸುಗಳನ್ನು ಹಿಂದೆ ಹಾಕುತ್ತಿದ್ದ. ಗ್ಯಾಸ್ ಇರುವ ದಿನ ಹಸಿ ಬಾಣಂತಿಯನ್ನು ಕೂರಿಸಿಕೊಂಡವನ ಹಾಗೆ ಆ ಹಳೆಯ ಮಾರುತಿಯನ್ನು ಮೆಲ್ಲಗೆ ಓಡಿಸುತ್ತಿದ್ದ. ಇವತ್ತೂ ಹಾಗೆಯೇ, ಮೊಪೆಡ್ಡುಗಳೂ ಅವರನ್ನು ದಾಟಿ ಹೋದವು.

ಅವರು ತಿರುಪ್ಪೂರಿನಿಂದ ಮರಳಿದಾಗ, ಭಾನುವಾರವಾದ್ದರಿಂದ ಬಂಕ್ ಖಾಲಿಯಿತ್ತು. ಅವಳ ಸೋದರಮಾವ ಮಯಿಲ್‌ಸಾಮಿ ತನ್ನ ಹಳದಿ ಸ್ಕೂಲ್ ವ್ಯಾನನ್ನು ನೆರಳಿಗೆ ನಿಲ್ಲಿಸಿ ಕಾಯುತ್ತಿದ್ದ. ಪೆಟ್ರೋಲ್ ಕುತ್ತಿಗೆಗೆ ಬರುವ ತನಕ ಬಗ್ಗಿ ನೋಡಿ, ಫೋನಿನಲ್ಲಿ ಲೆಕ್ಕ ಹಾಕಿ, ಕೈ ಮೇಲೆತ್ತಿದ.

"ಬಾವಾ! ಹದಿನಾಲ್ಕು ಇದ್ದದ್ದು ಹತ್ತೊಂಬತ್ತು ಕೊಟ್ಟೈತೆ!"

"ಏನು?"

"ಹತ್ತೊಂಬತ್ತು! ಲೀಟರಿಗೆ!"

ರಾಮಸಾಮಿ ಎರಡು ಕೈಗಳಿಂದಲೂ ಮುಖ ಒರೆಸಿಕೊಂಡ. "ನಿಮ್ಮಕ್ಕಂಗೆ ಫೋನ್ ಮಾಡು ಮಯಿಲು. ಮೊದ್ಲು ಅವ್ಳಿಗೆ ಹೇಳು."

"ಹೇಳಾನ ಇರು. ಅಲ್ಲ ಬಾವಾ, ನಿಂಗೆ ಕಿವಿ ಇಲ್ಲೆ, ಅಕ್ಕಂಗೆ ಒಂದ್ ಕಣ್ಣಿಲ್ಲೆ, ಇವ್ಳಿಗೆ ಬಾಯೇ ಇಲ್ಲೆ. ಮೂರ್ ಜನಾನೂ ಸೇರ್‍ಸಿ ಒಂದ್ ಆಳ್ ಮಾಡ್ಬೋದು. ಆದ್ರೂ ಗೆದ್ದ್‌ಬಿಟ್ರಿ ನೋಡು!" ಮಯಿಲ್‌ಸಾಮಿ ನಗುತ್ತ ಇಲಕ್ಕಿಯಾಳ ತಲೆಯ ಮೇಲೆ ಮೆಲ್ಲಗೆ ತಟ್ಟಿದ. "ನಾಳೆ ಬೆಳಿಗ್ಗೆ ನನ್ ವಂಡಿಗೂ ಹಾಕ್‌ಬಿಡು ಬಾವಾ. ಈ ಸುತ್ತಿನ ಡ್ರೈವರುಗಳೆಲ್ಲ ನಿನ್ ಶೆಡ್ ಮುಂದೆ ನಿಲ್ತಾರೆ."

ಇಲಕ್ಕಿಯಾ ಕಾರಿನ ಬಾನೆಟ್ ಎತ್ತಿದಳು. ಗ್ಯಾಸಿನ ತಗಡುಗಳಿಗೆ ಕರೆಂಟು ಕೊಡುವ, ಬ್ಯಾಟರಿಯ ಪಕ್ಕದ ಸಣ್ಣ ಗಾಜಿನ ಫ್ಯೂಸು ಕಪ್ಪಾಗಿತ್ತು. ಅದನ್ನು ಕಿತ್ತು ತಂದು ಅಪ್ಪನ ಅಂಗೈಯಲ್ಲಿಟ್ಟಳು. ರಾಮಸಾಮಿ ಅದನ್ನು ಬಿಸಿಲಿಗೆ ಹಿಡಿದು ನೋಡಿದ. ಅವನ ಮುಖದ ಬಣ್ಣ ಇಳಿಯಿತು.

"ಎಲ್ಲಿ ಸುಟ್ಟೋಯ್ತು ಇದು? ಈಗಲಾ?"

ಅವಳು ಅಡ್ಡಡ್ಡ ತಲೆಯಾಡಿಸಿ, ಸೂಲೂರಿನಿಂದ ತಿರುಪ್ಪೂರಿಗೆ ಹೋಗುವ ದಿಕ್ಕಿಗೆ ಕೈ ತೋರಿಸಿದಳು.

"ಹೋಗ್ವಾಗ್ಲೇನಾ?"

ಹೌದೆಂದು ತಲೆಯಾಡಿಸಿದಳು.

ಅವನು ಕಾರನ್ನೂ ಪೆಟ್ರೋಲಿನ ಮೀಟರನ್ನೂ ಕೈಯಲ್ಲಿದ್ದ ಫ್ಯೂಸನ್ನೂ ಒಂದೊಂದಾಗಿ ನೋಡಿದ. ಗ್ಯಾಸಿನಿಂದ ಏನೂ ಆಗಿಲ್ಲವೆಂದು ಅಪ್ಪನಿಗೆ ತಿಳಿಯಿತು ಎಂದು ಇಲಕ್ಕಿಯಾ ಅಂದುಕೊಂಡಳು. ಇನ್ನು ತಾನೇನೂ ಹೇಳಬೇಕಾಗಿಲ್ಲ ಎಂದು ಅವಳ ಎದೆ ಹಗುರವಾಯಿತು.

"ನೋಡ್ದಾ ಮಯಿಲು!" ರಾಮಸಾಮಿ ಕೂಗಿದ. "ಇಂಜಿನ್ ಗ್ಯಾಸ್‌ಗೆ ಪಳಗ್‌ಬಿಟ್ಟೈತೆ! ಗ್ಯಾಸ್ ನಿಂತ್ರೂ ಆ ಗುಣ ನಿಂತಿಲ್ಲೆ. ನಿಲ್ದೇ ಇದ್ದಿದ್ರೆ ಇಪ್ಪತ್ತೈದು ಕೊಡ್ತಿತ್ತು!"

"ಅದೇ ತಾನೇ!" ಎಂದ ಮಯಿಲ್‌ಸಾಮಿ, ಕ್ಷಣವೂ ಯೋಚಿಸದೆ. ವ್ಯಾನಿನ ಬಾಗಿಲು ಜಾರಿಸಿ ತೆರೆದ. "ಬಾ ಬಾವಾ, ಕೊಳವೆ ಎಲ್ಲಿಡೋದು ಹೇಳು. ಇಲ್ಲಿ, ಎಲ್‌ಕೆಜಿ ಮಕ್ಳು ಕೂತ್ಕೊಳೋ ಬೆಂಚ್ ಕೆಳಗೆ ಜಾಗ ಐತೆ. ಅವ್ರ ಕಾಲು ಹೆಂಗೂ ನೆಲಕ್ಕೆ ಎಟ್ಕಲ್ಲ."

ರಾಮಸಾಮಿ ಮೊಣಕಾಲೂರಿ ಬೆಂಚಿನ ಕೆಳಗೆ ಗೇಣು ಹಾಕಿ ಅಳೆಯತೊಡಗಿದ. ಒಳಗೆ ಯಾವುದೋ ಮಗು ಬಿಟ್ಟುಹೋದ ಬಿಳಿ ಸಾಕ್ಸ್ ಬಿದ್ದಿತ್ತು. ಗೇಣಿಗೆ ಅಡ್ಡ ಬಂದ ಅದನ್ನು ಅವನು ಎತ್ತಿ, ಧೂಳು ಕೊಡವಿ, ಸೀಟಿನ ಮೇಲಿಟ್ಟು ಮತ್ತೆ ಅಳೆದ. "ಹಿಡೀತದೆ. ಸರಿಯಾಗಿ ಹಿಡೀತದೆ."

ಆ ಬೆಂಚಿನಲ್ಲಿ ಎಷ್ಟು ಮಕ್ಕಳು ಕೂರಬಹುದೆಂದು ಇಲಕ್ಕಿಯಾಳ ಕಣ್ಣು ತಾನಾಗಿಯೇ ಎಣಿಸತೊಡಗಿತು. ಅಷ್ಟರಲ್ಲಿ ಮಯಿಲ್‌ಸಾಮಿ ಫೋನ್ ಕಿವಿಗಿಟ್ಟುಕೊಂಡಿದ್ದ. "ಅಕ್ಕಾ, ಗೆದ್ದಾಯ್ತು!" ಎಂದು ಅವನು ಕೂಗಿದ್ದಕ್ಕೆ ಆ ಕಡೆಯಿಂದ ಅಮ್ಮ ಅಳುವುದೋ ನಗುವುದೋ ಕೇಳಿಸಿತು. ಇಲಕ್ಕಿಯಾ ಮಾವನ ಕೈಯಿಂದ ಫೋನ್ ತೆಗೆದುಕೊಂಡು ಕರೆಯನ್ನು ಕತ್ತರಿಸಿದಳು.

"ಏಯ್, ಏನ್ ಮಾಡ್ತಾ ಇದ್ಯಾ ನೀನು?"

ಅವಳು ವ್ಯಾನಿನ ಹತ್ತಿರ ಹೋದಳು. "ಅಪ್ಪಾ, ಅಮ್ಮನ ಕಣ್ಣು ಸುಮ್ಕೆ ಹೋಯ್ತು," ಎಂದಳು.

ರಾಮಸಾಮಿ ಬೆಂಚಿನ ಕೆಳಗಿನಿಂದ ತಲೆ ಹೊರಗೆಳೆದು ಮಗಳ ತುಟಿಗಳನ್ನು ನೋಡಿದ. ಅವನ ಮುಖದಲ್ಲಿ ಇನ್ನೂ ನಗುವಿತ್ತು.

"ಏನಮ್ಮಣಿ? ಕೇಳ್ಸ್‌ಲಿಲ್ಲೆ. ವಸಿ ಗಟ್ಟಿಯಾಗಿ ಹೇಳು."

ಬಂಕಿನವನು ಪೈಪು ಹಿಡಿದುಕೊಂಡು ಇತ್ತಲೇ ನೋಡುತ್ತಿದ್ದ. ಇಲಕ್ಕಿಯಾ ಉಸಿರೆಳೆದುಕೊಂಡಳು. ಮಗ್ಗಗಳೆಲ್ಲ ಓಡುತ್ತಿದ್ದಾಗ ಅಮ್ಮ ಶೆಡ್ಡಿನ ಬಾಗಿಲಲ್ಲಿ ನಿಂತು ಊಟಕ್ಕೆ ಕರೆಯುತ್ತಿದ್ದಂಥ ದನಿಯಲ್ಲಿ, ಒಂದೊಂದೇ ಮಾತು ಬಿಡಿಸಿ, ಮತ್ತೆ ಹೇಳಿದಳು:

"ಅಮ್ಮನ ಕಣ್ಣು. ಸುಮ್ಕೆ. ಹೋಯ್ತು. ಅಪ್ಪಾ."