ಮೋರ್ಸಿಂಗು ಮತ್ತು ಕಟ್ಟಿಸಿದ ಹಲ್ಲು

ಮಾಗಿ ಚಳಿಯ ಒಂದು ಬೆಳಿಗ್ಗೆ, ಹತ್ತು ಗಂಟೆಗೆ, ರಾಯದುರ್ಗದ ಡಾಕ್ಟರು ನನ್ನ ಅಲ್ಲಾಡುವ ಮುಂದಿನ ಹಲ್ಲುಗಳನ್ನು ಕಿತ್ತರು. ಮೋರ್ಸಿಂಗ್ ವಾದ್ಯವನ್ನು ಮುಂದಿನ ಹಲ್ಲಿಗೆ ಒತ್ತಿ ಹಿಡಿದು, ಅದರ ಕಬ್ಬಿಣದ ನಾಲಿಗೆಯನ್ನು ಬೆರಳಿನಿಂದ ಮೀಟಬೇಕು. ಭಜನೆಯಲ್ಲಿ ನಲವತ್ತು ವರ್ಷ ನನ್ನದು ಅದೇ ಕೆಲಸ.

“ಚಿಂತಿ ಯಾಕ? ಹೊಸಾವು ಕಟ್ಟಿ ಕೊಡ್ತೀನ್ರಿ,” ಎಂದರು ಡಾಕ್ಟರು.

ವಸಡಿನ ಗಾಯ ಮಾಗಿದ ಮೇಲೆ ಹೊಸ ಹಲ್ಲು ಹಾಕಿಕೊಂಡು, ಒಂದು ಸೋಮವಾರ ಭಜನೆ ನಡೆಯುವ ಮಠಕ್ಕೆ ಹೋದೆ. ಮೊದಲ ಮೀಟಿಗೇ ಹಲ್ಲಿನ ಸೆಟ್ಟು ಕಟಕಟ ಎಂದಿತು. ತಬಲಾ ಬಾರಿಸುವ ರುದ್ರಮುನಿ, “ಮಾವಾ, ಚಳಿ ಹತ್ತೇತೇನ್ರಿ?” ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಸೆಟ್ಟು ತೆಗೆದು ಬರೀ ವಸಡಿಗೆ ಒತ್ತಿ ಮೀಟಿದೆ. ಗಾಳಿ ಮಾತ್ರ ಬಂತು.

ರುದ್ರಮುನಿ ನಗು ನಿಲ್ಲಿಸಿ, “ನೀವು ತಾಳ ಹಾಕ್ರಿ, ಸಾಕು,” ಎಂದು ಕೈಗೆ ತಾಳ ಕೊಟ್ಟ. ಮಂಗಳಾರತಿವರೆಗೂ ಹಾಕಿದೆ. ಭಜನೆಯಲ್ಲಿ ಕೂತಿದ್ದೇನೆ ಅಂತಲೇ ಅನ್ನಿಸಲಿಲ್ಲ. ಶಿವರಾತ್ರಿಯ ಹಿಂದಿನ ಆ ಸೋಮವಾರವೇ ನಾನು ಭಜನೆ ಬಿಟ್ಟೆ.