ಟೇಪಿನ ಪಾಠ ಕೇಳದ ಹುಡುಗಿ

ನಾಜಮೀನ ದಿನಾ ರೋಣದಿಂದ ಬಸ್ಸಿನಲ್ಲಿ ಬಂದು ಗಜೇಂದ್ರಗಡದ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುತ್ತಿದ್ದಳು. ಪಾಠ ಹೇಳುವಷ್ಟರಲ್ಲೇ ಗಂಟೆ ಹೊಡೆಯುತ್ತಿತ್ತು, ಲೆಕ್ಕಗಳು ಮನೆಗೆ ಹೋಗುತ್ತಿದ್ದವು. ಅಲ್ಲಿ ಎಡವಿದ ಮಕ್ಕಳಿಗೆ ಹೇಳಿಕೊಡುವವರು ಯಾರೂ ಇರಲಿಲ್ಲ. ೨೦೦೬ರ ಜೂನ್‌ನಲ್ಲಿ ಅವಳು ಈ ಕ್ರಮವನ್ನೇ ತಿರುವಿ ಹಾಕಿದಳು. ಪಾಠವನ್ನು ತನ್ನ ದನಿಯಲ್ಲಿ ಕ್ಯಾಸೆಟ್ಟಿಗೆ ತುಂಬಿ, ಓಣಿಗೊಂದು ಟೇಪ್‌ರೆಕಾರ್ಡರ್ ಇದ್ದ ಮನೆ ಹುಡುಕಿ ಹಂಚಿದಳು. ಸಂಜೆ ಅಲ್ಲಿ ಕೂತು ಪಾಠ ಕೇಳಬೇಕು, ಮರುದಿನ ತರಗತಿಯಲ್ಲಿ ಬರೀ ಲೆಕ್ಕ.

ಅರ್ಧಕ್ಕರ್ಧ ಮಕ್ಕಳು ಕೇಳದೆಯೇ ಬಂದರು. ಕೆಲವರಿಗೆ ಕರೆಂಟ್ ಇರಲಿಲ್ಲ. ಸಲ್ಮಾನನೆಂಬ ಹುಡುಗನ ಅಣ್ಣ ಪಾಠದ ಮೇಲೆ ಹಾಡು ತುಂಬಿಬಿಟ್ಟಿದ್ದ. ಗಣಿತದ ಅಕ್ಕಾರು ಪಾಠವನ್ನೇ ಮಾಡುವುದಿಲ್ಲ ಎಂಬ ದೂರು ಹೆಡ್‌ಮಾಸ್ತರ ಯಮನೂರಸಾಬರ ತನಕ ಹೋಯಿತು.

"ಅರ್ಧವಾರ್ಷಿಕ ಪರೀಕ್ಷಾ ಮಟಾ ನೋಡೂಣ್ರಿ ಬಾಯಾರ," ಎಂದರು ಅವರು. "ಆಮ್ಯಾಲ ಮಂದಿಗೆ ನಾ ಉತ್ತರಾ ಕೊಡಬೇಕಾಕ್ಕೈತಿ."

ಆ ಮಾತಿನಿಂದ ನಾಜಮೀನ ಬಿಗಿಯಾದಳು. ಪಾಠ ಕೇಳದೆ ಬಂದವರು ಬಾಗಿಲ ಹೊರಗೆ ನಿಲ್ಲಬೇಕು ಎಂದಳು. ವಾರದಲ್ಲಿ ಎಲ್ಲರೂ ದಾರಿಗೆ ಬಂದರು, ಮಧುಮತಿ ಒಬ್ಬಳನ್ನು ಬಿಟ್ಟು. ನೇಕಾರ ನಿಜಲಿಂಗಪ್ಪನ ಈ ಮಗಳು ಯಾವಾಗಲೂ ಮುಂದಿನ ಬೆಂಚಿನಲ್ಲೇ ಕೂತು, ಕಣ್ಣು ಕೀಳದೆ ಪಾಠ ಕೇಳುತ್ತಿದ್ದವಳು. ಹೋದ ವರ್ಷ ಗಣಿತದಲ್ಲಿ ಚುರುಕಾಗಿದ್ದಳು.

"ಟೇಪ್ ಕೇಳಿದ್ಯೇನು?"

"ಕೇಳೀನ್ರಿ ಅಕ್ಕಾರ."

"ಹಂಗಾರ ಹೇಳು, ಏನ್ ಹೇಳೀನಿ?"

ಹುಡುಗಿ ತಲೆ ತಗ್ಗಿಸಿದಳು.

"ಸುಳ್ಳೂ ಹೇಳ್ತಿಯಾ? ನಡಿ ಹೊರಗ."

ಹೀಗೆ ಒಂಬತ್ತು ದಿನ ನಿಂತಳು. ಹತ್ತನೆಯ ದಿನ ಶಾಲೆಗೇ ಬರಲಿಲ್ಲ.

ವಾರ ಕಾದು ನಾಜಮೀನ ಅವಳ ಮನೆಗೆ ಹೋದಳು. ಮಗ್ಗದ ಸಪ್ಪಳ ಓಣಿಗೇ ಕೇಳುತ್ತಿತ್ತು. ಮಧುಮತಿ ಬಾಗಿಲಿಗೆ ಬೆನ್ನು ಮಾಡಿ ನೂಲು ಸುತ್ತುತ್ತಿದ್ದಳು. ನಾಜಮೀನಳನ್ನು ಕಂಡು ನಿಜಲಿಂಗಪ್ಪ ಮಗ್ಗ ನಿಲ್ಲಿಸಿ ಎದ್ದ. ಮನೆ ಒಮ್ಮೆಲೇ ಮೌನವಾಯಿತು.

"ಮಧುಮತೀ," ಎಂದು ಕರೆದಳು ನಾಜಮೀನ. ಹುಡುಗಿ ತಿರುಗಲಿಲ್ಲ. ಇನ್ನಷ್ಟು ಗಟ್ಟಿಯಾಗಿ ಕರೆದಳು. ಆಗಲೂ ಇಲ್ಲ. ತಾಯಿ ಅನ್ನವ್ವ ಹೋಗಿ ಭುಜ ಮುಟ್ಟಿದ ಮೇಲೆಯೇ ತಿರುಗಿದಳು.

ಅನ್ನವ್ವ ಸೆರಗು ಬಾಯಿಗೊತ್ತಿಕೊಂಡಳು. "ಸಣ್ಣಾಕಿದ್ದಾಗ ಕಿವಿ ಸೋರ್ತಿತ್ರಿ. ಈಗ ಎದುರಿನವರ ಬಾಯಿ ನೋಡಿ ತಿಳಕೋತಾಳ. ಕಿವುಡಿ ಅಂತ ಊರಾಗ ಹೆಸರಾದ್ರ ಹ್ಯಾಂಗ್ರಿ? ಯಾರಿಗೂ ಹೇಳಬ್ಯಾಡ ಅಂತ ನಾನ ಅಂದಿದ್ದೆ."

ನಾಜಮೀನ ಹತ್ತಿರ ಹೋದಳು. ಹುಡುಗಿಯ ಎದುರಿಗೇ ಕೂತು ನಿಧಾನವಾಗಿ ಹೇಳಿದಳು: "ತಪ್ಪು ನಂದು ಮಧುಮತಿ. ನಿಂದಲ್ಲ."

"ದಿನಾ ಟೇಪಿನ ಮುಂದ ಕೂಡ್ತಿದ್ದೆ ಅಕ್ಕಾರ," ಎಂದಳು ಹುಡುಗಿ. "ಎಲ್ಲಾರೂ ತಲಿ ಆಡಿಸಿದಾಗ ನಾನೂ ಆಡಸ್ತಿದ್ದೆ."

ಸೋಮವಾರ ನಾಜಮೀನ ಹುಡುಗಿಯ ಕಿವಿಯ ವಿಷಯ ಎತ್ತದೆ, ಮಕ್ಕಳನ್ನು ಹೊರಗೆ ನಿಲ್ಲಿಸಿದ್ದು ತನ್ನ ತಪ್ಪೆಂದು ತರಗತಿಯ ಮುಂದೆ ಒಪ್ಪಿಕೊಂಡಳು. ಅಂದಿನಿಂದ ಪ್ರತಿ ಪಾಠವನ್ನೂ ಕೈಯಾರೆ ಬರೆದು ಝೆರಾಕ್ಸ್ ಮಾಡಿಸಿ ಎಲ್ಲರಿಗೂ ಕೊಟ್ಟಳು. ಮನೆಯಲ್ಲಿ ಕೇಳಲಾಗದವರಿಗೆ ಬೆಳಿಗ್ಗೆ ಗಂಟೆಗೆ ಮೊದಲು ಶಾಲೆಯಲ್ಲೇ ಟೇಪ್ ಹಚ್ಚಿದಳು. ಬೋರ್ಡಿಗೆ ಮುಖ ಮಾಡಿ ಮಾತಾಡುವುದನ್ನು ಬಿಟ್ಟಳು. ಮಧುಮತಿ ಶಾಲೆಗೆ ಮರಳಿದಳು. ಅರ್ಧವಾರ್ಷಿಕದಲ್ಲಿ ನಾಲ್ವರನ್ನು ಬಿಟ್ಟು ಎಲ್ಲರೂ ಪಾಸಾದರು. ಯಮನೂರಸಾಬರು ಮತ್ತೆ ದೂರಿನ ಮಾತು ತೆಗೆಯಲಿಲ್ಲ.

ನಿಜಲಿಂಗಪ್ಪ ಮಗಳನ್ನು ಗದಗಿನ ದವಾಖಾನೆಗೆ ಕರೆದೊಯ್ದ. ಒಂದು ಕಿವಿ ಪೂರ್ತಿ ಹೋಗಿದೆ, ಇನ್ನೊಂದರಲ್ಲಿ ಅಷ್ಟಿಷ್ಟು ಉಳಿದಿದೆ, ಮೊದಲೇ ಬರಬೇಕಿತ್ತು ಎಂದರು ಡಾಕ್ಟರು.

ಅದಾದ ಕೆಲವು ದಿನಕ್ಕೆ, ತರಗತಿಯಲ್ಲಿ ಲೆಕ್ಕ ನಡೆದಿದ್ದಾಗ ತಬಸ್ಸುಮ ಹಿಂದಿನ ಬೆಂಚಿನಿಂದ ಮಧುಮತಿಯನ್ನು ಏನೋ ಕೇಳಿದಳು. ಉತ್ತರ ಬಾರದಾಗ ಸಿಟ್ಟಿನಿಂದ ಅವಳ ಬೆನ್ನು ತಟ್ಟಿದಳು. ಮಧುಮತಿ ಎದ್ದು ತಿರುಗಿದಳು.

"ನನಗ ಕಿವಿ ಕೇಳ್ಸೂದಿಲ್ಲ," ಎಂದಳು, ಎಲ್ಲರಿಗೂ ಕೇಳುವಂತೆ. "ಮುಂದ ಬಂದು ಕೇಳು."

ಯಾರೂ ನಗಲಿಲ್ಲ. ತಬಸ್ಸುಮ ಲೆಕ್ಕದ ವಹಿ ಎತ್ತಿಕೊಂಡು ಮುಂದೆ ಬಂದು, ಅವಳ ಎದುರಿಗೆ ಕೂತು, ಮತ್ತೊಮ್ಮೆ ಕೇಳಿದಳು.