ಮೊದಲ ನಗು

ಶ್ರೀನಿವಾಸಮೂರ್ತಿಯ ಹಾಸ್ಯಕ್ಕೆ ಎಲ್ಲರಿಗಿಂತ ಮೊದಲು ನಗುವ ಕೆಲಸ ಹೆಂಡತಿ ಅನಸೂಯಳದು. ಮದುವೆಯ ಹೊಸದರಲ್ಲಿ ಅದು ತಾನಾಗಿಯೇ ಬರುತ್ತಿದ್ದ ನಗು. ಬರಬರುತ್ತಾ ಅದಕ್ಕೊಂದು ಸನ್ನೆ ನಿಗದಿಯಾಯಿತು. ವೇದಿಕೆಯ ಮೇಲೆ ಅವನು ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿಕೊಂಡನೆಂದರೆ ಅವಳು ನಗಬೇಕು.

"ಜನಕ್ಕೆ ನಗೋ ಆಸೆ ಇರುತ್ತೆ ಕಣೇ, ಧೈರ್ಯ ಇರಲ್ಲ. ಯಾರಾದ್ರೂ ಒಬ್ರು ಶುರು ಮಾಡ್ಬೇಕು," ಎನ್ನುತ್ತಿದ್ದ.

ಅವಳ ನಗುವೂ ಅಂಥದ್ದೇ. ಗಂಟಲಲ್ಲಿ ಸಣ್ಣಗೆ ಕುಲುಕಿ, ತಡೆಯಲಾಗದೆ ಒಡೆದು, ಅಕ್ಕಪಕ್ಕದವರಿಗೆಲ್ಲ ಅಂಟಿಕೊಳ್ಳುತ್ತಿತ್ತು. ಮೂರನೆಯ ಸಾಲಿನ ನಡುವಿನ ಕುರ್ಚಿ ಯಾವಾಗಲೂ ಅವಳಿಗೇ ಮೀಸಲು.

ಹಗಲಲ್ಲಿ ಅವನು ವಿಮಾ ಕಚೇರಿಯ ಗುಮಾಸ್ತ. ಇಂದಿರಾನಗರದ ಆಚೆ ನೌಕರರ ಕಾಲನಿಯಲ್ಲಿ ಎರಡನೆಯ ಮಹಡಿಯ ಮನೆ. ಗಣೇಶನ ಹಬ್ಬ, ರಾಜ್ಯೋತ್ಸವ, ಯಾರದೋ ನಿವೃತ್ತಿ, ಏನೇ ಇರಲಿ, ಕಾಲನಿಯವರಿಗೆ ಮೂರ್ತಿಯ ಐಟಂ ಬೇಕು. ಹಾರ ಹಾಕುತ್ತಿದ್ದರು, ಫೋಟೋ ತೆಗೆಯುತ್ತಿದ್ದರು. ಅಷ್ಟಕ್ಕೇ ಅವನು ವಾರಗಟ್ಟಲೆ ತಯಾರಿ ನಡೆಸುತ್ತಿದ್ದ. ಅದಕ್ಕೆ ಬೇಸಿಗೆಯೇ ಒಳ್ಳೆಯ ಕಾಲ. ಮಗಳು ಮಧುರಾಗೆ ರಜೆ. ಸಂಜೆ ತಾರಸಿಗೆ ನೀರು ಚಿಮುಕಿಸಿ ಚಾಪೆ ಹಾಸಿ, ಉಪ್ಪುಖಾರ ಹಚ್ಚಿದ ಮಾವಿನಕಾಯಿ ಹೋಳು ಮುಂದಿಟ್ಟುಕೊಂಡು ಮೂವರೂ ಕೂರುವರು. ಅವನು ಎದ್ದು ನಿಂತು ಮ್ಯಾನೇಜರು ಸೀನುವುದನ್ನೋ, ಕೆಳಮನೆಯ ಸುಭದ್ರಮ್ಮ ಮೆಟ್ಟಿಲು ಹತ್ತುವುದನ್ನೋ ಮಾಡಿ ತೋರಿಸುವನು. ಭಾನುವಾರವಾದರೆ ಹಲಸೂರು ಕೆರೆಯಲ್ಲಿ ದೋಣಿ, ವಾಪಸು ಬರುವಾಗ ಕಬ್ಬಿನ ಹಾಲು. ದೋಣಿಯಲ್ಲೂ ಅವನ ಕಣ್ಣು ಎದುರು ಕೂತವರ ಮೇಲೆಯೇ. ಒಬ್ಬಾಕೆ ಸೆರಗು ಬಿಗಿಹಿಡಿದು ನೀರಿಗೆ ಹೆದರುತ್ತಿದ್ದರೆ, ದಡ ಸೇರುವಷ್ಟರಲ್ಲಿ ಆಕೆ ಅವನ ಮೈಯೊಳಗೆ ಬಂದಾಗಿರುತ್ತಿತ್ತು. ಯಾರನ್ನೂ ನೋಯಿಸುವ ಮನಸ್ಸು ಇವರದಲ್ಲ, ಕಣ್ಣಿಗೆ ಬಿದ್ದದ್ದನ್ನು ಬಿಡಲಾರದ ಚಪಲ ಅಷ್ಟೆ, ಎಂದು ಅನಸೂಯ ನಂಬಿದ್ದಳು.

ತೊಂಬತ್ತೇಳರ ಬೇಸಿಗೆಯಲ್ಲಿ ಅವಳ ತಂದೆ ಚಿಕ್ಕವೆಂಕಟಪ್ಪ ಮನೆಗೆ ಬಂದರು. ಹೆಂಡತಿ ತೀರಿಕೊಂಡ ಮೇಲೆ ಅವರು ಜೋಗುಪಾಳ್ಯದ ಬಾಡಿಗೆ ಮನೆ ಬಿಟ್ಟು ಬೈಯಪ್ಪನಹಳ್ಳಿಯಲ್ಲಿ ಮಗನ ಜೊತೆ ಇದ್ದರು. ಸೊಸೆ ಮಕ್ಕಳನ್ನು ಕರೆದುಕೊಂಡು ತವರಿಗೆ ಹೋದಳು, ಮಗನಿಗೆ ರಾತ್ರಿ ಪಾಳಿ. ಹಾಗಾಗಿ ರಜೆ ಮುಗಿಯುವ ತನಕ ಮಗಳ ಮನೆ. ಶಿವಾಜಿನಗರದ ಅಚ್ಚುಕೂಟವೊಂದರಲ್ಲಿ ಜೀವಮಾನವೆಲ್ಲ ಅಕ್ಷರದ ಮೊಳೆ ಜೋಡಿಸಿದವರು ಅವರು. ಸಾಸಿವೆಯಷ್ಟು ಸಣ್ಣ ಅಕ್ಷರವನ್ನೂ ಬೆರಳ ತುದಿಯಲ್ಲಿ ಹಿಡಿದು ಕೂರಿಸಿದ ಕೈ ಈಗ ನಡುಗುತ್ತಿತ್ತು. ಅದರಲ್ಲೂ ಬಲಗೈ. ಲೋಟ ತುಟಿಗೆ ಬರುವ ಮೊದಲೇ ಅರ್ಧ ಕಾಫಿ ಪಂಚೆಯ ಮೇಲಿರುತ್ತಿತ್ತು.

"ಮಾವನಿಗೆ ಅರ್ಧ ಲೋಟನೇ ಕೊಡು, ಎರಡು ಸಲ ಕೊಟ್ರಾಯ್ತು," ಎಂದು ಮೊದಲ ದಿನವೇ ಹೇಳಿದವನು ಶ್ರೀನಿವಾಸಮೂರ್ತಿ. ಬೆಳಿಗ್ಗೆ ಪೇಪರ್ ಪಕ್ಕಕ್ಕಿಟ್ಟು ಮಾವನ ಎದುರಿಗೇ ಕೂರುತ್ತಿದ್ದ. ಅವರು ಕುಡಿದು ಮುಗಿಸುವ ತನಕ ಏಳುತ್ತಿರಲಿಲ್ಲ. ಅಡುಗೆಮನೆಯಿಂದ ಇಣುಕಿದ ಅನಸೂಯಳಿಗೆ ಕಣ್ಣು ತುಂಬಿ ಬಂದಿತ್ತು. ಸ್ವಂತ ಅಣ್ಣನೂ ಅಪ್ಪನನ್ನು ಇಷ್ಟು ಅಕ್ಕರೆಯಿಂದ ನೋಡಿಕೊಂಡವನಲ್ಲ.

ಮೇ ಮೊದಲ ವಾರ ಕಾಲನಿಯ ಮೈದಾನದಲ್ಲಿ ಬೇಸಿಗೆ ಸಂಜೆಯ ಕಾರ್ಯಕ್ರಮ ಏರ್ಪಾಟಾಯಿತು. ಶಾಮಿಯಾನ ಹಾಕಿದರು. ಮೈಕ್ ಸೆಟ್ಟಿನ ಚಾಂದ್ ಪಾಷಾ ಎಂದಿನಂತೆ ಶಿವಾಜಿನಗರದಿಂದ ಬಂದ. ಹಿರಿಯರೆಂದು ಚಿಕ್ಕವೆಂಕಟಪ್ಪನವರನ್ನು ಮೊದಲ ಸಾಲಿನಲ್ಲಿ ಕೂರಿಸಿದರು. ಅನಸೂಯ ತನ್ನ ಜಾಗದಲ್ಲಿ ಕೂತಳು. ಪಕ್ಕದಲ್ಲಿ ಸುಭದ್ರಮ್ಮ ಊರಿನ ಯಾವುದೋ ಮದುವೆಯ ಗಲಾಟೆಯನ್ನು ಕಿವಿಯಲ್ಲಿ ಹೇಳುತ್ತಿದ್ದರು. ಅದನ್ನು ಕೇಳುತ್ತಲೇ ಅನಸೂಯ ಅರ್ಧ ಕಣ್ಣು ವೇದಿಕೆಯ ಮೇಲಿಟ್ಟಿದ್ದಳು. ಗಂಡ ಕನ್ನಡಕ ತೆಗೆದ. ಒರೆಸಿಕೊಂಡ. ಅವಳು ನಕ್ಕಳು.

ನಕ್ಕ ಮೇಲೆ ನೋಡಿದಳು. ಗಂಡನ ಬಲಗೈಯಲ್ಲಿ ಒಂದು ಸ್ಟೀಲ್ ಲೋಟ ನಡುಗುತ್ತಿತ್ತು. ಎಡಗೈ ಅದನ್ನು ಹಿಡಿಯಲು ಹೋಗಿ ತಾನೂ ನಡುಗುತ್ತಿತ್ತು. ಬಾಯಿ ಮುಂದಕ್ಕೆ ಚಾಚಿ ಲೋಟವನ್ನು ಹುಡುಕುತ್ತಿತ್ತು, ಲೋಟ ಬಾಯಿಯಿಂದ ತಪ್ಪಿಸಿಕೊಳ್ಳುತ್ತಿತ್ತು. ಒಂದೂ ತಪ್ಪಿಲ್ಲ. ಕೊನೆಗೆ ಪಂಚೆ ಒರೆಸಿಕೊಂಡು, ಯಾರಾದರೂ ನೋಡಿದರೇ ಎಂದು ಅತ್ತಿತ್ತ ತಿರುಗುವ ಆ ಕಣ್ಣು ಕೂಡ ಹಾಗೇ ಇತ್ತು. ಇಡೀ ಮೈದಾನ ಬಿದ್ದು ಬಿದ್ದು ನಗುತ್ತಿತ್ತು. ಮೊದಲ ಸಾಲಿನ ಕಡೆಗೆ ತಲೆಗಳು ತಿರುಗಿದವು. ಚಿಕ್ಕವೆಂಕಟಪ್ಪನವರು ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡು, ಹಲ್ಲು ಕಾಣುವಂತೆ ನಗುತ್ತಾ ಕೂತಿದ್ದರು.

ಮರುದಿನದಿಂದ ಅವರು ಕಾಫಿಯನ್ನು ಬಟ್ಟೆ ಒಗೆಯುವ ಬಾಲ್ಕನಿಗೆ ಒಯ್ದು, ಗೋಡೆಗೆ ಮುಖ ಮಾಡಿಕೊಂಡು ಕುಡಿಯತೊಡಗಿದರು. ಊಟವೂ ಎಲ್ಲರದಾದ ಮೇಲೆ. ಸಂಜೆ ಪಾರ್ಕಿಗೆ ಹೋದರೆ ಕಾಲನಿಯ ಮಕ್ಕಳು "ಕಾಫಿ ತಾತ" ಎಂದು ಕೈ ಅಲ್ಲಾಡಿಸಿ ತೋರಿಸಿದರಂತೆ. ಇದನ್ನು ಹೇಳಿದವಳು ಮಧುರಾ. ತಾತ ಆಮೇಲೆ ಪಾರ್ಕಿಗೆ ಹೋಗಲಿಲ್ಲ.

ಆ ಐಟಂ ಗೆದ್ದಿತ್ತು. ಮೇ ಮೂರನೆಯ ವಾರ ಹಲಸೂರಿನ ಒಂದು ಸಭಾಂಗಣದಲ್ಲಿ ಊರಿನ ಎಲ್ಲ ಕಚೇರಿಗಳ ಹಾಸ್ಯ ಸ್ಪರ್ಧೆ ಇತ್ತು. ಟೀವಿಯವರಿಗೆ ಕಲಾವಿದರನ್ನು ಆರಿಸಿಕೊಡುವ ಒಬ್ಬಾತ ಬರುತ್ತಾನೆಂದು ಸುದ್ದಿಯೂ ಇತ್ತು. ಶ್ರೀನಿವಾಸಮೂರ್ತಿ ಕನ್ನಡಿಯ ಮುಂದೆ ಲೋಟ ಹಿಡಿದು ನಿಂತೇ ಇರುತ್ತಿದ್ದ.

"ಅದೊಂದು ಬೇಡ ಕಣ್ರೀ," ಎಂದಳು ಅನಸೂಯ. "ಬೇರೆ ಎಷ್ಟೋ ಇದೆಯಲ್ಲ. ಮ್ಯಾನೇಜರದ್ದು ಮಾಡಿ."

"ಮ್ಯಾನೇಜರ್ ನಮ್ಮ ಆಫೀಸಿನೋರಿಗೆ ಮಾತ್ರ ಗೊತ್ತು. ಮಾವ ಎಲ್ಲರ ಮನೇಲೂ ಇರ್ತಾರೆ."

"ಅಪ್ಪ ನೊಂದ್ಕೊಂಡಿದಾರೆ."

"ನಿಮ್ಮಪ್ಪನೇ ಕೂತು ನಕ್ರಲ್ಲೇ." ಅವನು ಕನ್ನಡಿಯಿಂದ ಮುಖ ತಿರುಗಿಸಲಿಲ್ಲ. "ನೀನೂ ನಕ್ಕೆ. ನೀನು ನಕ್ಕ ಮೇಲೆ ತಾನೆ ಮಿಕ್ಕೋರು ನಕ್ಕಿದ್ದು."

ಅನಸೂಯ ಒಲೆಯ ಮುಂದೆ ನಿಂತಾಗ, ಬಟ್ಟೆ ಹಿಂಡುವಾಗ, ಅದೇ ಮಾತು ತಿರುತಿರುಗಿ ಬರುತ್ತಿತ್ತು. ಗಂಡನ ಮೇಲೆ ಸಿಟ್ಟು ಮಾಡೋಣವೆಂದರೆ ತನ್ನದೇ ನಗು ಅಡ್ಡ ಬರುತ್ತಿತ್ತು. ಅಪ್ಪನ ಕಾಲು ಹಿಡಿಯೋಣವೆಂದರೆ, ಅವರು ಏನೂ ಆಗಿಲ್ಲವೆಂಬಂತೆ ಮಧುರಾಗೆ ಗಾದೆ ಹೇಳಿಕೊಡುತ್ತಾ ಕೂತಿರುತ್ತಿದ್ದರು.

ಸ್ಪರ್ಧೆಯ ದಿನ ಅವಳು ಮೈಸೂರು ರೇಷ್ಮೆ ಉಟ್ಟಳು. ಹೂವು ಮುಡಿದಳು. ಅಪ್ಪ ಮನೆಯಲ್ಲೇ ಉಳಿದರು. ಸಭಾಂಗಣ ತುಂಬಿತ್ತು, ಫ್ಯಾನುಗಳು ಬಿಸಿಗಾಳಿಯನ್ನೇ ತಿರುಗಿಸುತ್ತಿದ್ದವು. ಮೂರನೆಯ ಸಾಲಿನ ನಡುವೆ ಅವಳು ಕೂತಳು, ಪಕ್ಕದಲ್ಲಿ ಮಧುರಾ. ಅಲ್ಲಿಯವರೆಗೂ ತಾನೇನು ಮಾಡುತ್ತೇನೆಂದು ಅವಳಿಗೆ ಗೊತ್ತಿರಲಿಲ್ಲ. ನಗದೆ ಸುಮ್ಮನೆ ಕೂತಿರಬೇಕು ಎಂದಷ್ಟೇ ಅಂದುಕೊಂಡಿದ್ದಳು.

ಶ್ರೀನಿವಾಸಮೂರ್ತಿ ಬಂದು ಮೈಕ್ ಸರಿಮಾಡಿಕೊಂಡ. "ಬೇಸಿಗೆ ರಜ ಬಂತು ನೋಡಿ, ನಮ್ಮ ಮನೆಗೆ ಮಾವ ಬಂದ್ರು," ಎಂದ.

ಅನಸೂಯ ನಕ್ಕಳು. ಅಲ್ಲಿ ನಗುವುದಕ್ಕೆ ಏನೂ ಇರಲಿಲ್ಲ. ಒಂದಿಬ್ಬರು ಅವಳ ಜೊತೆ ಸಣ್ಣಗೆ ನಕ್ಕು, ಯಾಕೆ ನಕ್ಕೆವೆಂದು ತಿಳಿಯದೆ ಸುಮ್ಮನಾದರು. ಅವನ ಕಣ್ಣು ಮೂರನೆಯ ಸಾಲಿಗೆ ಬಂದು ಹೋಯಿತು. ಮುಂದಿನ ಮಾತು ಶುರುವಾಗುವ ಮೊದಲೇ ಅವಳು ಮತ್ತೆ ನಕ್ಕಳು. ಅವನು ಬಾಯಿ ತೆರೆದಾಗಲೆಲ್ಲ, ಮಾತು ಇನ್ನೂ ಗಂಟಲಲ್ಲಿರುವಾಗಲೇ, ಅವಳ ನಗು ಮುಂದೆ ಬಂದು ನಿಲ್ಲುತ್ತಿತ್ತು. ಜನ ಹಾಸ್ಯಗಾರನನ್ನು ಬಿಟ್ಟು ಅವಳನ್ನು ನೋಡತೊಡಗಿದರು.

"ಆಯಮ್ಮಂಗೆ ಏನಾಗಿದೆ ರೀ?" ಎಂದು ಹಿಂದಿನಿಂದ ಯಾರೋ ಕೇಳಿದರು.

ಅವನು ಲೋಟ ಎತ್ತಿದ. ಕನ್ನಡಕ ತೆಗೆದು ಒರೆಸಿಕೊಂಡ. ಈಗ ಅನಸೂಯ ಬಾಯಿ ಮುಚ್ಚಿಕೊಂಡು ಕೂತಳು. ಇನ್ನೊಮ್ಮೆ ಒರೆಸಿಕೊಂಡ. ಸಭಾಂಗಣದಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೇನಿಲ್ಲ. ಯಾರೋ ಕೆಮ್ಮಿದರು. ಅವನು ಮುಂದಿನ ಮಾತು ಮರೆತ. ಮೊದಲಿನಿಂದ ಶುರು ಮಾಡಿ, ಅದನ್ನೂ ನಡುವೆ ಬಿಟ್ಟ. ಹಣೆಯ ಬೆವರು ಕಣ್ಣಿಗಿಳಿಯುತ್ತಿತ್ತು. ಲೋಟ ಹಿಡಿದ ಕೈ ಅದುರುತ್ತಿತ್ತು.

"ಅಯ್ಯೋ ಪಾಪ, ಅವ್ರಿಗೆ ನಿಜವಾಗ್ಲೂ ಕೈ ನಡುಗ್ತಿದೆ ಕಣ್ರೀ," ಎಂದು ಮುಂದಿನ ಸಾಲಿನ ಹೆಂಗಸು ಪಿಸುಗುಟ್ಟಿದಳು.

ಅದು ನಿಜ. ಅದನ್ನು ಕಂಡ ಅನಸೂಯಳಿಗೆ ನಗು ಬಂತು. ಈ ಸಲ ಅವಳಾಗಿ ನಕ್ಕದ್ದಲ್ಲ, ಬಂದದ್ದು. ಮದುವೆಯ ಹೊಸದರಲ್ಲಿ ಬರುತ್ತಿದ್ದಂಥ ನಗು. ಸೆರಗು ಬಾಯಿಗೆ ತುರುಕಿದರೂ ನಿಲ್ಲಲಿಲ್ಲ. ಅಷ್ಟು ದೊಡ್ಡ ಸಭಾಂಗಣದಲ್ಲಿ ಒಬ್ಬಳೇ ಮೈ ಕುಲುಕಿ, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಮಧುರಾ ಅವಳ ಕೈ ಹಿಡಿದು ಎಳೆಯುತ್ತಿದ್ದಳು, "ಅಮ್ಮ, ಸಾಕು. ಅಮ್ಮ, ಅಪ್ಪ ನೋಡ್ತಿದಾರೆ." ಅವನು ನೋಡುತ್ತಲೇ ಇದ್ದ. ಆಮೇಲೆ ನಿರೂಪಕ ಬಂದು ಅವನ ಹೆಗಲ ಮೇಲೆ ಕೈಯಿಟ್ಟು ಒಳಗೆ ಕರೆದುಕೊಂಡು ಹೋದ.

ಆಟೋದಲ್ಲಿ ಮನೆಗೆ ಬಂದರು. ಮನೆಯ ಮೆಟ್ಟಿಲ ಬುಡದಲ್ಲಿ ಅವನು, "ಯಾಕೆ?" ಎಂದು ಕೇಳಿದ.

"ನಗು ಬಂತು, ನಕ್ಕೆ," ಎಂದಳು.

ಮಧುರಾ ತಾತನಿಗೆ ಎಲ್ಲ ಹೇಳಿಬಿಟ್ಟಿದ್ದಳು. ಬೆಳಿಗ್ಗೆ ಗಂಡ ಕಚೇರಿಗೆ ಹೋದ ಮೇಲೆ ಚಿಕ್ಕವೆಂಕಟಪ್ಪನವರು ಮಗಳನ್ನು ಕರೆದು ಕೂರಿಸಿಕೊಂಡರು. ಅಪ್ಪ ತಲೆ ಸವರುತ್ತಾರೆಂದೇ ಅವಳು ಕಾದಿದ್ದಳು.

"ಎಂಥ ಕೆಲಸ ಮಾಡ್ಬಿಟ್ಟೆ ಅಮ್ಮಣ್ಣಿ," ಎಂದರು. "ಅಳಿಯಂದ್ರು ನನ್ನ ಮೊದಲೇ ಕೇಳಿದ್ರು. 'ಮಾವ, ನಿಮ್ಮ ಕೈ ನಡುಗೋದನ್ನ ನನ್ನ ಐಟಂಗೆ ಸ್ವಲ್ಪ ಹಾಕ್ಕೋತೀನಿ, ಬೇಜಾರಿಲ್ಲ ತಾನೆ' ಅಂದ್ರು. ಆಗ್ಲಿ ಅಂದೆ."

"ಬೇಡ ಅನ್ನೋದಲ್ವಾ ಅಪ್ಪ?"

"ಮಗಳ ಮನೇಲಿ ಕೂತು ಉಣ್ಣೋನು ಬೇಡ ಅಂತ ಹೆಂಗಮ್ಮ ಹೇಳ್ತಾನೆ?" ಅವರು ಬಲಗೈಯನ್ನು ಎಡಗೈಯಿಂದ ಒತ್ತಿ ಹಿಡಿದರು. "ಅವರು ಮಾಡಿದ್ದು ನಂಗೇನೂ ಅಷ್ಟಾಗಿ ಅನ್ನಿಸ್ಲಿಲ್ಲ. ಅವರ ಕಸುಬು ಅದು. ಆವತ್ತು ಮೈದಾನದಲ್ಲಿ ಹಿಂದಿನಿಂದ ಮೊದಲು ಕೇಳಿದ್ದು ನಿನ್ನ ನಗು ನೋಡು, ಅದು ನಾಟ್ತು."

ಅವಳು ಬಾಯಿ ತೆರೆದಳು. ಅದು ಬೇಕೆಂದು ನಕ್ಕದ್ದಲ್ಲ, ನೋಡದೆ ನಕ್ಕದ್ದು ಎಂದು ಹೇಳಬೇಕಿತ್ತು. ಹಾಗೆ ಹೇಳಿದರೆ ಇಷ್ಟು ವರ್ಷ ನಕ್ಕದ್ದೆಲ್ಲ ಏನೆಂದು ಹೇಳಬೇಕಾಗುತ್ತಿತ್ತು. ಎದ್ದು ಅಡುಗೆಮನೆಗೆ ಹೋದಳು.

ರಜೆ ಇನ್ನೂ ಉಳಿದಿರುವಾಗಲೇ ಅವರು ಬೈಯಪ್ಪನಹಳ್ಳಿಗೆ ಹೊರಟರು. ಮಗ ಹಗಲೆಲ್ಲ ಮಲಗಿರುತ್ತಾನೆ, ಒಬ್ಬರೇ ಹೇಗಿರುತ್ತೀರಿ ಎಂದರೆ, "ಗೋಡೆ ನೋಡ್ಕೊಂಡು ಇರ್ತೀನಿ, ಅಭ್ಯಾಸ ಆಗಿದೆ," ಎಂದರು. ಚೀಲ ಹೊತ್ತು ಬಸ್ ಸ್ಟಾಪಿನ ತನಕ ಹೋದವನು ಶ್ರೀನಿವಾಸಮೂರ್ತಿಯೇ. ಮಾವ ಅಳಿಯ ದಾರಿಯುದ್ದಕ್ಕೂ ಏನೋ ಮಾತಾಡಿಕೊಂಡು ಹೋದದ್ದು ಬಾಲ್ಕನಿಯಿಂದ ಕಾಣುತ್ತಿತ್ತು. ತಿರುವಿನಲ್ಲಿ ಇಬ್ಬರೂ ನಕ್ಕ ಹಾಗಿತ್ತು.

ಅವನು ಅವಳನ್ನು ಬೈಯಲಿಲ್ಲ. ಆ ಸಂಜೆಯ ಮಾತನ್ನೂ ಎತ್ತಲಿಲ್ಲ. ಗಣೇಶನ ಹಬ್ಬಕ್ಕೆ ಕಾಲನಿಯವರು ಕೇಳಲು ಬಂದಾಗ ಗಂಟಲು ಸರಿಯಿಲ್ಲ ಎಂದ. ಮುಂದಿನ ವರ್ಷ ಅವರು ಕೇಳಲೂ ಇಲ್ಲ. ವೇದಿಕೆ ಬಿಟ್ಟ ಮೇಲೆ ಅವನ ಚಪಲವೆಲ್ಲ ಮನೆಯೊಳಗೇ ಉಳಿಯಿತು. ಅವಳು ಫೋನಿನಲ್ಲಿ ಮಾತಾಡುವಾಗ ಎದುರು ನಿಂತು ಅವಳ ತುಟಿಯಂತೆಯೇ ತುಟಿ ಆಡಿಸುವನು. ಅವಳು ಮಂಡಿನೋವಿನಿಂದ ಗೋಡೆ ಹಿಡಿದು ನಡೆದರೆ ಹಿಂದೆಯೇ ಗೋಡೆ ಹಿಡಿದು ನಡೆಯುವನು. ಯಾರೂ ನಗುತ್ತಿರಲಿಲ್ಲ, ಯಾರಾದರೂ ನಗಲಿ ಎಂದು ಅವನು ಮಾಡುತ್ತಲೂ ಇರಲಿಲ್ಲ. ಮಾಡಿ ಮುಗಿಸಿ, ಏನೂ ಆಗಿಲ್ಲವೆಂಬಂತೆ ಪೇಪರ್ ಬಿಡಿಸುತ್ತಿದ್ದ. ಚಿಕ್ಕವೆಂಕಟಪ್ಪನವರು ಮತ್ತೆ ಆ ಮನೆಗೆ ಬರಲಿಲ್ಲ. ಮೂರನೆಯ ವರ್ಷ ತೀರಿಕೊಂಡರು.

ಮಧುರಾ ಕಾಲೇಜು ಸೇರಿದಳು. ಅವಳಿಗೆ ಅಪ್ಪನ ಕಣ್ಣು ಬಂದಿತ್ತು. ಅದು ಅನಸೂಯಳಿಗೆ ತಿಳಿದದ್ದು ಒಂದು ಏಪ್ರಿಲ್ ಸಂಜೆ. ತರಕಾರಿ ಚೀಲ ಹಿಡಿದು ಮೆಟ್ಟಿಲು ಹತ್ತುತ್ತಿದ್ದಳು. ಮನೆಯ ಬಾಗಿಲಿಗೆ ಹೋಗುವ ಮೆಟ್ಟಿಲ ಮೇಲೆ ಮಧುರಾ ಗೆಳತಿಯರನ್ನು ಕೂರಿಸಿಕೊಂಡಿದ್ದಳು.

"ಈಗ ನಮ್ಮಮ್ಮ ಹೆಂಗೆ ನಗ್ತಾಳೆ ನೋಡ್ರೇ," ಎನ್ನುತ್ತಿದ್ದಳು. "ಎದುರಿಗೆ ಯಾರಾದ್ರೂ ಸಾಯ್ತಿರ್ಬೇಕು, ಆಗ."

ಗಂಟಲಲ್ಲಿ ಸಣ್ಣಗೆ ಕುಲುಕಿ ಆ ನಗು ಶುರುವಾಯಿತು. ಸೆರಗು ತುರುಕಿದ ಬಾಯಿಯ ಉಸಿರುಕಟ್ಟುವ ಸದ್ದೂ ಬಂತು. ಹುಡುಗಿಯರು ಗೋಡೆಗೆ ಒರಗಿ ನಗುತ್ತಿದ್ದರು. ಅನಸೂಯ ತಿರುವಿನಲ್ಲಿ ಕಾಣಿಸಿಕೊಂಡಾಗ ಒಬ್ಬೊಬ್ಬರಾಗಿ ಸುಮ್ಮನಾದರು. ಮಧುರಾ ಮಾತ್ರ ತಾಯಿಯ ಮುಖವನ್ನು ರೆಪ್ಪೆ ಬಡಿಯದೆ ನೋಡುತ್ತಿದ್ದಳು, ಮುಂದಕ್ಕೆ ಬೇಕಾದೀತೆಂದು ಎತ್ತಿಟ್ಟುಕೊಳ್ಳುವವಳಂತೆ. ಅನಸೂಯ ಹುಡುಗಿಯರ ಕಾಲುಗಳನ್ನು ದಾಟಿ, ಬೀಗ ತೆಗೆದು ಒಳಗೆ ಹೋದಳು.